ಕೆಂಪು ಗುರುತಿನ ಹಿಂದಿನ ಕಾರಣ ತಿಳಿಯುವುದು ಹೇಗೆ?

ಪ್ರಶ್ನೆ: ನಾನು ಮೆಕ್ಯಾನಿಕಲ್ ಎಂಜಿನಿಯರಿಂಗ್ ವಿದ್ಯಾರ್ಥಿನಿ. ಯಂತ್ರದ ಬಿಡಿಭಾಗ ತಯಾರಿಸುವ ಕಾರ್ಖಾನೆಯೊಂದರ ಡಿಸೈನ್ ವಿಭಾಗದಲ್ಲಿ 12 ವಾರಗಳ ಇಂಟರ್ನ್‌ಶಿಪ್ ಮಾಡುತ್ತಿದ್ದೇನೆ. 3 ವಾರ ಮುಗಿದಿದೆ. ಸೂಪರ್‌ವೈಸರ್ ಒಳ್ಳೆಯವರೇ, ಆದರೆ ಮಾತು ಕಡಿಮೆ, ಬಿಡುವು ಅದಕ್ಕಿಂತ ಕಡಿಮೆ. ನಾನು ಮಾಡಿದ ಶಾಫ್ಟ್ (ಯಂತ್ರದ ಚಕ್ರ, ಗೇರುಗಳನ್ನು ಹೊರುವ ದಂಡ) ಡ್ರಾಯಿಂಗಿನ ಮೇಲೆ ಕೆಂಪು ಪೆನ್ನಿನಲ್ಲಿ 11 ಕಡೆ ಗುರುತು ಹಾಕಿ ಕೊಟ್ಟರು. ಹಾಗೇ ತಿದ್ದಿಕೊಟ್ಟೆ, "ಓಕೆ" ಎಂದರು. ಮುಂದಿನ ಡ್ರಾಯಿಂಗಿನಲ್ಲಿ ಮತ್ತೆ 9 ಗುರುತು. ತಿದ್ದುವುದೇ ಆಗಿದೆ, ಕಲಿತದ್ದೇನೆಂದು ಗೊತ್ತಾಗುತ್ತಿಲ್ಲ. ಪದೇ ಪದೇ ಕೇಳಿದರೆ "ಇಷ್ಟೂ ಬರುವುದಿಲ್ಲವೇ" ಎಂದುಕೊಳ್ಳುತ್ತಾರೇನೋ ಎಂಬ ಅಳುಕು. ಉಳಿದ 9 ವಾರಗಳಲ್ಲಿ ಅವರಿಂದ ನಿಜವಾಗಿ ಕಲಿಯುವುದು ಹೇಗೆ?

ಉತ್ತರ: ಗುರುತು ಹಾಕಿ ಹಿಂದಿರುಗಿಸುವ ಸೂಪರ್‌ವೈಸರ್ ಸಿಕ್ಕಿದ್ದಾರೆ ಎಂದರೆ ಅರ್ಧ ದಾರಿ ಬಂದಂತೆಯೇ. ಎಷ್ಟೋ ಕಡೆ ಇಂಟರ್ನ್ ಮಾಡಿದ ಡ್ರಾಯಿಂಗನ್ನು ಹಿರಿಯರೇ ಸದ್ದಿಲ್ಲದೆ ತಿದ್ದಿ ಮುಂದಕ್ಕೆ ಕಳಿಸಿಬಿಡುತ್ತಾರೆ. ಏನು ಬದಲಾಯಿತು ಎಂಬುದು ಮಾಡಿದವರಿಗೆ ತಿಳಿಯುವುದೇ ಇಲ್ಲ. ನಿಮ್ಮ ಬಳಿ 20 ಗುರುತುಗಳಿರುವ ಎರಡು ಹಾಳೆಗಳಿವೆ. ಮೊದಲು ಅವೆರಡನ್ನೂ ಪಕ್ಕಪಕ್ಕ ಹರಡಿಕೊಳ್ಳಿ. ಎರಡನೆಯ ಹಾಳೆಯ 9 ಗುರುತುಗಳಲ್ಲಿ ಮೊದಲನೆಯದರ ಜಾತಿಗೇ ಸೇರಿದವು ಎಷ್ಟು, ಎಣಿಸಿ. ಹೊಸ ಜಾತಿಯ ತಪ್ಪಾದರೆ ಚಿಂತೆ ಬೇಡ, ಹೊಸ ಕೆಲಸದಲ್ಲಿ ಹೊಸ ತಪ್ಪು ಆಗಿಯೇ ಆಗುತ್ತದೆ. ಮರುಕಳಿಸಿದವು ಮಾತ್ರ ಕಾರಣ ತಿಳಿಯದೆ ಕೈಮಾತ್ರ ಓಡಿಸಿ ತಿದ್ದಿದವು. ನೀವು ಗಮನ ಕೊಡಬೇಕಾದದ್ದು ಅವುಗಳಿಗೆ.

ಒಂದು ಗುರುತನ್ನೇ ಹಿಡಿದು ನೋಡೋಣ. ಶಾಫ್ಟ್ ಡ್ರಾಯಿಂಗುಗಳಲ್ಲಿ ಹೊಸಬರು ತಪ್ಪದೆ ಮಾಡುವಂಥದ್ದು. 25 ಮಿ.ಮೀ. ವ್ಯಾಸದ ಭಾಗದ ಮೇಲೆ 6205 ಮಾದರಿಯ ಬಾಲ್ ಬೇರಿಂಗ್ ಕೂರಬೇಕು. ಅದರ ಪಕ್ಕದಲ್ಲಿ ಶೋಲ್ಡರ್, ಅಂದರೆ ವ್ಯಾಸ ದೊಡ್ಡದಾಗುವ ಮೆಟ್ಟಿಲು. ಮೂಲೆಯಲ್ಲಿ ನೀವು 2 ಮಿ.ಮೀ. ತ್ರಿಜ್ಯದ ಫಿಲೆಟ್ (ಒಳಮೂಲೆಯ ದುಂಡು ತಿರುವು) ಕೊಟ್ಟಿರುತ್ತೀರಿ, ಏಕೆಂದರೆ ಫಿಲೆಟ್ ದೊಡ್ಡದಾದಷ್ಟೂ ಅಲ್ಲಿ ಒತ್ತಡ ಕೇಂದ್ರೀಕರಣ ಕಡಿಮೆ ಎಂದು ತರಗತಿಯಲ್ಲಿ ಹೇಳಿಕೊಟ್ಟಿದ್ದಾರೆ. ಸೂಪರ್‌ವೈಸರ್ ಅದನ್ನು ಹೊಡೆದು 0.6 ಎಂದು ಬರೆಯುತ್ತಾರೆ. ಕ್ಯಾಡ್‌ನಲ್ಲಿ (ಕಂಪ್ಯೂಟರಿನಲ್ಲಿ ಡ್ರಾಯಿಂಗ್ ಮಾಡುವ ತಂತ್ರಾಂಶ) 2 ಅಳಿಸಿ 0.6 ಹಾಕಲು ಹತ್ತು ಸೆಕೆಂಡು ಸಾಕು. ಹಾಗೆ ಹಾಕಿ ಮುಗಿಸಿದರೆ ನೀವು ಕಲಿತದ್ದು "ಸರ್‌ಗೆ 0.6 ಇಷ್ಟ" ಎಂಬುದಷ್ಟೆ.

ಕಾರಣ ಬೇರಿಂಗ್ ಕ್ಯಾಟಲಾಗಿನಲ್ಲಿದೆ. 6205ರ ರಿಂಗಿನ ಮೂಲೆಯ ಕನಿಷ್ಠ ಅಳತೆ 1 ಮಿ.ಮೀ. ಶಾಫ್ಟಿನ ಫಿಲೆಟ್ ಅದನ್ನು ಮೀರಬಾರದು. 2 ಮಿ.ಮೀ. ಫಿಲೆಟ್ ಇದ್ದರೆ ಒಳ ರಿಂಗಿನ ಮುಖ ಶೋಲ್ಡರನ್ನು ಮುಟ್ಟುವ ಮೊದಲೇ ಅದರ ಮೂಲೆ ಫಿಲೆಟ್ ಮೇಲೆ ಹತ್ತಿ ಕೂರುತ್ತದೆ. ಪ್ರೆಸ್ ಮಾಡುವವರಿಗೆ ಬೇರಿಂಗ್ ಕೂತಂತೆಯೇ ಅನಿಸುತ್ತದೆ, ಆದರೆ ಅದು ನೇರವಾಗಿ ಕೂತಿರುವುದಿಲ್ಲ. ಓಡಿಸಿದರೆ ಸದ್ದು, ಬಿಸಿ, ಅವಧಿಗೆ ಮುಂಚೆಯೇ ಸವೆತ. ಇಷ್ಟು ತಿಳಿದ ಮೇಲೆ ಮುಂದಿನ ಪ್ರಶ್ನೆ ತಾನಾಗಿಯೇ ಹುಟ್ಟುತ್ತದೆ: ಹಾಗಾದರೆ ತರಗತಿಯಲ್ಲಿ ಹೇಳಿದ ಒತ್ತಡ ಕೇಂದ್ರೀಕರಣದ ಗತಿ ಏನು? ಅಲ್ಲಿ ಬಾಗಿಸುವ ಬಲ ನಿಜಕ್ಕೂ ಹೆಚ್ಚಿದ್ದರೆ ದೊಡ್ಡ ಫಿಲೆಟನ್ನೇ ಇಟ್ಟು, ನಡುವೆ ಮೂಲೆ ಕತ್ತರಿಸಿದ ಸ್ಪೇಸರ್ ರಿಂಗ್ ಹಾಕುವವರಿದ್ದಾರೆ. ಅಂಡರ್‌ಕಟ್ (ಮೂಲೆಯಲ್ಲಿ ಒಳಕ್ಕೆ ಕೊರೆದ ತೋಡು) ಕೊಡುವವರೂ ಇದ್ದಾರೆ. ಯಾವಾಗ ಯಾವುದು ಎಂಬ ತೀರ್ಮಾನ ನಿಮ್ಮ ಸೂಪರ್‌ವೈಸರ್ ತಲೆಯಲ್ಲಿದೆ. 1 ಮಿ.ಮೀ. ಮೀರಬಾರದು ಎಂಬ ಮಿತಿ ಕ್ಯಾಟಲಾಗ್ ನೋಡಿದವರಿಗೆಲ್ಲ ಸಿಗುತ್ತದೆ. ಈ ತೀರ್ಮಾನ ಕಲಿಯಲು ಮಾತ್ರ ಅವರೇ ಬೇಕು.

ಆದ್ದರಿಂದ 20 ಗುರುತುಗಳನ್ನೂ ಹಿಡಿದುಕೊಂಡು ಅವರ ಮೇಜಿನ ಮುಂದೆ ನಿಲ್ಲಬೇಡಿ. ಮೊದಲು ಜರಡಿ ಹಿಡಿಯಿರಿ. ಟೈಟಲ್ ಬ್ಲಾಕಿನಲ್ಲಿ (ಹಾಳೆಯ ವಿವರಗಳ ಚೌಕ) ರಿವಿಷನ್, ಅಂದರೆ ತಿದ್ದುಪಡಿಯ ಸಂಖ್ಯೆ ಬಿಟ್ಟದ್ದು, ಪ್ರೊಜೆಕ್ಷನ್ ಚಿಹ್ನೆ ಮರೆತದ್ದು, ಒಂದೇ ಅಳತೆ ಎರಡು ಕಡೆ ಬರೆದದ್ದು, ಇವೆಲ್ಲ ಅಭ್ಯಾಸದ ತಪ್ಪುಗಳು. ಅವನ್ನು ಒಂದು ಚೆಕ್‌ಲಿಸ್ಟಿಗೆ ಇಳಿಸಿ. ಅವುಗಳ ಬಗ್ಗೆ ಕೇಳಲು ಏನೂ ಇಲ್ಲ. ಟಿಪ್ಪಣಿ ಎಡಗಡೆ ಇರಲಿ, ಸೆಕ್ಷನ್ ಈ ಕಡೆಯಿಂದ ತೋರಿಸಿ ಎಂಬಂಥವು ಅವರ ರೂಢಿ ಅಥವಾ ಆ ವಿಭಾಗದ ರೂಢಿ. ಅಲ್ಲಿರುವವರೆಗೆ ಹಾಗೇ ಮಾಡಿ, ಆದರೆ ಎಲ್ಲ ಕಡೆ ಅದೇ ನಿಯಮ ಎಂದು ನಂಬಿಕೊಳ್ಳಬೇಡಿ. ಉಳಿಯುವುದು "ಹೀಗೆ ಮಾಡಿದರೆ ಭಾಗ ಕೆಲಸ ಮಾಡುವುದಿಲ್ಲ" ಅಥವಾ "ಹೀಗೆ ಮಾಡಿದರೆ ತಯಾರಿಸಲು ಆಗುವುದಿಲ್ಲ, ಇಲ್ಲವೇ ವೃಥಾ ದುಬಾರಿ" ಎಂಬ ಗುರುತುಗಳು. 20ರಲ್ಲಿ ಅಂಥವು ಐದಾರು ಇರಬಹುದು. ಕೇಳಬೇಕಾದದ್ದು ಇವನ್ನು ಮಾತ್ರ.

ಕೇಳುವ ರೀತಿಯಲ್ಲಿ ನಿಮ್ಮ ಅಳುಕಿಗೂ ಪರಿಹಾರವಿದೆ. "ಇದು ಯಾಕೆ ಸರ್?" ಎಂದರೆ ಕೆಲಸದ ಗಡಿಬಿಡಿಯಲ್ಲಿರುವವರಿಗೆ ಅದು ತಕರಾರಿನಂತೆಯೂ ಕೇಳಬಹುದು, ಪಾಠ ಮಾಡಿ ಎಂಬ ಬೇಡಿಕೆಯಂತೆಯೂ ಕೇಳಬಹುದು. ಅದರ ಬದಲು ನಿಮ್ಮ ಊಹೆಯನ್ನು ಮುಂದಿಡಿ: "ಸರ್, ಇಲ್ಲಿ ಫಿಲೆಟ್ 0.6 ಮಾಡಿದ್ದು ಬೇರಿಂಗಿನ ಮೂಲೆಗೆ ತಗಲುತ್ತದೆ ಎಂದಲ್ಲವೇ? ಇನ್ನೊಂದು ತುದಿಯ 2 ಹಾಗೇ ಬಿಟ್ಟಿದ್ದೀರಿ, ಅಲ್ಲಿ ಏನೂ ಕೂರುವುದಿಲ್ಲ ಎಂದೇ?" ಊಹೆ ಸರಿಯಿದ್ದರೆ "ಹೌದು" ಎನ್ನಲು ಅವರಿಗೆ ಎರಡು ಸೆಕೆಂಡು. ತಪ್ಪಿದ್ದರೆ ಇನ್ನೂ ಒಳ್ಳೆಯದು. ಮೊದಲಿನಿಂದ ವಿವರಿಸಲು ಬೇಸರಪಡುವವರೂ ಕಣ್ಣೆದುರಿನ ತಪ್ಪು ಊಹೆಯನ್ನು ತಿದ್ದದೆ ಬಿಡುವುದಿಲ್ಲ. ಅಷ್ಟೇ ಅಲ್ಲ, ಕ್ಯಾಟಲಾಗ್ ತೆರೆದು ನೋಡಿಯೇ ಬಂದಿದ್ದೀರಿ ಎಂಬುದು ಆ ಒಂದು ವಾಕ್ಯದಲ್ಲೇ ಅವರಿಗೆ ತಿಳಿಯುತ್ತದೆ. ಬೇಸರ ಬರುವುದು ಪ್ರಶ್ನೆಗಳು ಹೆಚ್ಚಾದವೆಂದಲ್ಲ. ಕಳೆದ ವಾರ ಹೇಳಿದ್ದನ್ನೇ ಈ ವಾರ ಮತ್ತೆ ಕೇಳಿದಾಗ.

ಅನುಭವಿಗಳ ವಿಷಯದಲ್ಲಿ ಇನ್ನೊಂದು ತೊಡಕಿದೆ. ಅಗ್ನಿಶಾಮಕ ದಳದ ಕಮಾಂಡರ್‌ಗಳು ನಿರ್ಧಾರ ತೆಗೆದುಕೊಳ್ಳುವ ಬಗೆಯನ್ನು ಅಧ್ಯಯನ ಮಾಡಿದ ಮನಶ್ಶಾಸ್ತ್ರಜ್ಞ ಗ್ಯಾರಿ ಕ್ಲೈನ್ ಅವರಿಗೆ ಆ ಕಮಾಂಡರ್‌ಗಳು ಕೊಟ್ಟ ಉತ್ತರ, ತಾವು ನಿರ್ಧಾರವನ್ನೇ ತೆಗೆದುಕೊಳ್ಳುವುದಿಲ್ಲ ಎಂಬುದು. ನೋಡಿದೊಡನೆ ಏನು ಮಾಡಬೇಕೆಂದು ಅವರಿಗೆ ಹೊಳೆದುಬಿಡುತ್ತಿತ್ತು. ಅದಕ್ಕೇ ಕ್ಲೈನ್ ತಂಡ ತತ್ವಗಳ ಬಗ್ಗೆ ಕೇಳುವುದನ್ನು ಬಿಟ್ಟು, ಯಾವುದಾದರೂ ಒಂದು ಕಷ್ಟದ ಘಟನೆಯನ್ನು ಆರಿಸಿಕೊಂಡು ಹಂತ ಹಂತವಾಗಿ ಕೇಳುತ್ತಿತ್ತು. ನೀವೂ ಹಾಗೇ ಮಾಡಿ. "ಒಳ್ಳೆಯ ಡಿಸೈನಿಗೆ ಏನು ಮುಖ್ಯ ಸರ್?" ಎಂದರೆ ಸಿಗುವುದು ಭಾಷಣ. "ಇಂಥ ಶಾಫ್ಟ್ ಕೊನೆಯ ಸಲ ಯಾವಾಗ ತೊಂದರೆ ಕೊಟ್ಟಿತ್ತು? ಮೊದಲು ಏನು ಕಂಡಿತು? ಏನಿರಬಹುದು ಅಂದುಕೊಂಡಿರಿ, ಕೊನೆಗೆ ಏನಾಗಿತ್ತು?" ಎಂದು ಕೇಳಿ. ಮಾತು ಕಡಿಮೆಯವರೂ ಇಂಥ ಕಡೆ ಬಾಯಿ ಬಿಡುತ್ತಾರೆ.

ಮಾತಿಗಿಂತಲೂ ಸುಲಭದ ದಾರಿ, ಅವರು ಬೇರೆಯವರ ಡ್ರಾಯಿಂಗ್ ಪರಿಶೀಲಿಸುವಾಗ ಪಕ್ಕದಲ್ಲಿ ಕೂರುವುದು. "20 ನಿಮಿಷ ಸುಮ್ಮನೆ ನೋಡಬಹುದೇ" ಎಂದು ಕೇಳಿದರೆ ಬೇಡ ಎನ್ನುವವರು ಕಡಿಮೆ. ಅವರ ಕಣ್ಣು ಯಾವ ಕ್ರಮದಲ್ಲಿ ಹೋಗುತ್ತದೆ ಎಂಬುದನ್ನು ಬರೆದುಕೊಳ್ಳಿ. ಹೊಸಬರು ಹಾಳೆಯ ಎಡ ಮೂಲೆಯಿಂದ ಓದುತ್ತಾ ಹೋಗುತ್ತಾರೆ. ಅನುಭವಿಗಳು ಮೊದಲು ಒಂದಕ್ಕೊಂದು ಕೂರುವ ಮೇಲ್ಮೈಗಳನ್ನು ಹುಡುಕುತ್ತಾರೆ, ಆಮೇಲೆ ಅಳತೆ ಎಲ್ಲಿಂದ ಶುರುವಾಗಿದೆ ಎಂದು ನೋಡುತ್ತಾರೆ, ಉಳಿದದ್ದರ ಮೇಲೆ ಕಣ್ಣಾಡಿಸಿ ಮುಂದೆ ಹೋಗುತ್ತಾರೆ. ನಿಮ್ಮವರ ಕ್ರಮ ಬೇರೆಯಿರಬಹುದು. ಆ ಕ್ರಮದಲ್ಲೇ ನಿಮ್ಮ ಮುಂದಿನ ಡ್ರಾಯಿಂಗನ್ನು ಕೊಡುವ ಮುಂಚೆ ನೀವೇ ಒಮ್ಮೆ ಪರಿಶೀಲಿಸಿ, ಬೇರೆ ಬಣ್ಣದ ಪೆನ್ನಿನಲ್ಲಿ ಗುರುತು ಹಾಕಿ. ಅವರ ಕೆಂಪು ಗುರುತು ಬಂದ ಮೇಲೆ ಎರಡನ್ನೂ ಹೋಲಿಸಿ ನೋಡಿ: ಅವರಿಗೆ ಕಂಡು ನಿಮಗೆ ಕಾಣದ್ದು ಯಾವುದು, ನೀವು ಸುಮ್ಮನೆ ತಲೆಕೆಡಿಸಿಕೊಂಡದ್ದು ಯಾವುದು.

ಇನ್ನು ಬರೆದಿಡುವುದು. ದಿನಚರಿ ಬೇಡ, "ಇಂದು ಡ್ರಾಯಿಂಗ್ ತಿದ್ದಿದೆ" ಎಂಬ ಸಾಲಿನಿಂದ ಯಾರಿಗೂ ಉಪಯೋಗವಿಲ್ಲ. ಪ್ರತಿ ಮುಖ್ಯ ಗುರುತಿಗೆ ಒಂದು ನಮೂದು, ಐದು ನಿಮಿಷದ ಕೆಲಸ, ಅದೇ ದಿನ. ಉದಾಹರಣೆಗೆ:

ನಾನು ಬರೆದದ್ದು: ಬೇರಿಂಗ್ ಕೂರುವ 25 ಮಿ.ಮೀ. ವ್ಯಾಸಕ್ಕೆ ಸಣ್ಣ ಅಕ್ಷರದ ಎಚ್6 ಎಂಬ ಟಾಲರೆನ್ಸ್, ಅಂದರೆ ಅಳತೆ ಎಷ್ಟು ಏರುಪೇರಾಗಬಹುದು ಎಂಬ ಮಿತಿ (0ಯಿಂದ −0.013 ಮಿ.ಮೀ.).
ತಿದ್ದಿದ್ದು: ಸಣ್ಣ ಅಕ್ಷರದ ಕೆ6 (+0.015ರಿಂದ +0.002 ಮಿ.ಮೀ.).
ಕಾರಣ: ಇಲ್ಲಿ ಶಾಫ್ಟ್ ತಿರುಗುತ್ತದೆ, ಲೋಡಿನ ದಿಕ್ಕು ಬದಲಾಗುವುದಿಲ್ಲ. ಸಡಿಲವಾದರೆ ಒಳ ರಿಂಗ್ ಶಾಫ್ಟಿನ ಮೇಲೆ ಜಾರುತ್ತಾ ಅದನ್ನು ಸವೆಸುತ್ತದೆ.
ಮುಂದೆ ನಾನೇ ಹಿಡಿಯುವುದು ಹೇಗೆ: ಯಾವ ರಿಂಗ್ ತಿರುಗುತ್ತದೆ ಎಂದು ಮೊದಲು ಕೇಳಿಕೊಳ್ಳುವುದು, ಲೋಡಿನ ದಿಕ್ಕಿಗೆ ಹೋಲಿಸಿದರೆ ತಿರುಗುತ್ತಿರುವ ರಿಂಗಿಗೆ ಬಿಗಿ ಫಿಟ್.
ಇನ್ನೆಲ್ಲಿ ಅನ್ವಯ: ಶಾಫ್ಟ್ ನಿಂತು ಹೊರಭಾಗ ತಿರುಗುವ ಚಕ್ರದಲ್ಲಿ ತಿರುವುಮುರುವು?

ಕೊನೆಯ ಸಾಲಿನ ಪ್ರಶ್ನಾರ್ಥಕ ಚಿಹ್ನೆ ಗಮನಿಸಿ. ಅದೇ ಮುಂದಿನ ಭೇಟಿಯಲ್ಲಿ ಕೇಳುವ ಪ್ರಶ್ನೆ. (ಹೌದು, ಅಲ್ಲಿ ಹೊರ ರಿಂಗಿಗೆ ಬಿಗಿ ಫಿಟ್ ಬೇಕು. ಆದರೆ ನೀವು ಅವರ ಬಾಯಲ್ಲೇ ಕೇಳಿ. ಅದರ ಜೊತೆಗೆ ಇನ್ನೆರಡು ವಿಷಯ ಬರುತ್ತವೆ.) "ಮುಂದೆ ನಾನೇ ಹಿಡಿಯುವುದು ಹೇಗೆ" ಎಂಬ ಸಾಲನ್ನು ಹೆಚ್ಚಿನವರು ಖಾಲಿ ಬಿಡುತ್ತಾರೆ, ಅಥವಾ "ಎಚ್ಚರ ವಹಿಸಬೇಕು" ಎಂದು ಗೀಚುತ್ತಾರೆ. ಎಚ್ಚರ ವಹಿಸುವುದು ಪರಿಶೀಲನೆಯ ವಿಧಾನವಲ್ಲ. ಯಾವ ಕ್ಷಣದಲ್ಲಿ, ಏನನ್ನು ನೋಡಿ, ಯಾವುದರ ಜೊತೆ ಹೋಲಿಸುತ್ತೀರಿ ಎಂದು ಬರೆಯಲಾಗದಿದ್ದರೆ ಕಾರಣ ಇನ್ನೂ ಅರ್ಥವಾಗಿಲ್ಲ ಎಂದುಕೊಳ್ಳಿ.

ಅಂದಹಾಗೆ, ಗುರುತುಗಳ ಒಟ್ಟು ಸಂಖ್ಯೆಯಿಂದ ನಿಮ್ಮನ್ನು ಅಳೆದುಕೊಳ್ಳಬೇಡಿ. ಕೈ ಪಳಗಿದಂತೆ ಕಷ್ಟದ ಡ್ರಾಯಿಂಗ್ ಕೊಡುತ್ತಾರೆ, ಆಗ ಸಂಖ್ಯೆ 9ರಿಂದ 15ಕ್ಕೆ ಏರಬಹುದು. ಮರುಕಳಿಸುವ ಗುರುತು ಇಳಿಯುತ್ತಿದೆಯೇ ಎಂಬುದೊಂದೇ ನೋಡಬೇಕಾದ ಲೆಕ್ಕ.

ಬಹುಪಾಲು ಕೆಂಪು ಗುರುತುಗಳ ಬೀಜ ಕೆಲಸ ಒಪ್ಪಿಕೊಳ್ಳುವ ಹೊತ್ತಿನಲ್ಲೇ ಬಿದ್ದಿರುತ್ತದೆ. "ಈ ಶಾಫ್ಟ್ ಮಾಡಿಬಿಡಿ" ಎಂದಾಗ ತಲೆಯಾಡಿಸಿ ಬರುತ್ತೀರಿ. ಇದು ಯಾವುದರೊಳಗೆ ಕೂರುತ್ತದೆ, ಎಷ್ಟು ಸಂಖ್ಯೆಯಲ್ಲಿ ಮಾಡುತ್ತಾರೆ, ಹಳೆಯ ಡ್ರಾಯಿಂಗ್ ಏನಾದರೂ ಇದೆಯೇ, ಯಾವ ಅಳತೆಗಳನ್ನು ಮುಟ್ಟುವಂತಿಲ್ಲ, ಮೊದಲ ಕರಡು ಯಾವಾಗ ತೋರಿಸಲಿ, ಇಷ್ಟನ್ನು ಅಲ್ಲೇ ನಿಂತು ಕೇಳಿ. ಕೇಳಿದ್ದನ್ನು ನಿಮ್ಮ ಮಾತಲ್ಲಿ ಒಮ್ಮೆ ತಿರುಗಿ ಹೇಳಿ. "ಹಾಗಲ್ಲ" ಎಂಬುದು ಆಗಲೇ ಬಂದರೆ ಎರಡು ದಿನ ಉಳಿಯಿತು. ಕರಡನ್ನು ಕಾಲು ಭಾಗ ಆದಾಗಲೇ ತೋರಿಸಿ: ಮುಖ್ಯ ವ್ಯಾಸಗಳು, ಬೇರಿಂಗ್ ಜಾಗ, ಅಳತೆ ಶುರುವಾಗುವ ಮುಖ, ಇಷ್ಟೇ. ಪೆನ್ಸಿಲ್ ಸ್ಕೆಚ್ ಆದರೂ ಸರಿ. ಸ್ಕೆಚ್ ಆದರೆ ಅವರೂ ಧಾರಾಳವಾಗಿ ಗೀಚುತ್ತಾರೆ. ಪೂರ್ತಿ ಅಂದಗೊಳಿಸಿ ತೋರಿಸಬೇಕೆಂದು ವಾರವಿಡೀ ಕಾಣೆಯಾಗಿ, ಕೊನೆಗೆ ಬುಡವೇ ತಪ್ಪಿರುವ ಅಚ್ಚುಕಟ್ಟಾದ ಹಾಳೆಯೊಂದಿಗೆ ಬರುವುದು ಚುರುಕಾದ ವಿದ್ಯಾರ್ಥಿಗಳೇ ಹೆಚ್ಚಾಗಿ ಮಾಡುವ ತಪ್ಪು.

ಅವರ ಬಿಡುವಿಲ್ಲದಿಕೆಗೆ ಹೊಂದಿಕೊಳ್ಳಲು, ಪ್ರಶ್ನೆಗಳನ್ನು ಬಿಡಿಬಿಡಿಯಾಗಿ ಒಯ್ಯಬೇಡಿ. ನೋಟ್‌ಬುಕ್ಕಿನಲ್ಲಿ ಕೂಡಿಹಾಕಿ ದಿನಕ್ಕೆ ಒಂದೆರಡು ಸಲ ಕೇಳಿ. ಒಂದೇ ಕಡೆ ಅರ್ಧ ಗಂಟೆ ಹೆಣಗಿಯೂ ಮುಂದೆ ಸಾಗದಿದ್ದರೆ ಸಂದೇಶ ಕಳಿಸಿ. ಅದು ಹೀಗಿರಲಿ: "ಸರ್, ಶಾಫ್ಟಿನ ಕೀ-ವೇ ಉದ್ದ ನಿರ್ಧರಿಸುತ್ತಿದ್ದೇನೆ. ಟಾರ್ಕ್ ಲೆಕ್ಕದಲ್ಲಿ 22 ಮಿ.ಮೀ. ಸಾಕು ಎಂದು ಬರುತ್ತದೆ, ಹಳೆಯ ಡ್ರಾಯಿಂಗಿನಲ್ಲಿ 32 ಇದೆ. ವ್ಯತ್ಯಾಸಕ್ಕೆ ಕಾರಣ ಸಿಗಲಿಲ್ಲ. ನೀವು ಬೇರೆ ಹೇಳದಿದ್ದರೆ 32 ಇಟ್ಟು ಮುಂದುವರಿಯುತ್ತೇನೆ." ಕೊನೆಯ ವಾಕ್ಯ ಇದ್ದರೆ ಅವರು ಮೀಟಿಂಗಿನಲ್ಲಿದ್ದರೂ ನಿಮ್ಮ ಕೆಲಸ ನಿಲ್ಲುವುದಿಲ್ಲ. ಆದರೆ ಯಾರಿಗಾದರೂ ಪೆಟ್ಟಾಗುವ ಸಂಭವ, ಲೋಹ ಕತ್ತರಿಸಲು ಹೊರಟಿದ್ದಾರೆ, ತಪ್ಪು ರಿವಿಷನ್ ಶಾಪ್ ಫ್ಲೋರಿಗೆ (ಯಂತ್ರಗಳು ಓಡುವ ಜಾಗ) ಹೋಗಿದೆ, ಇಂಥವಕ್ಕೆ ಅರ್ಧ ಗಂಟೆಯ ನಿಯಮ ಇಲ್ಲ. ಆ ಕ್ಷಣವೇ ಫೋನ್ ಮಾಡಿ: ಏನಾಗಿದೆ, ಎಷ್ಟು ಭಾಗಗಳಿಗೆ ತಟ್ಟುತ್ತದೆ, ಈಗ ಏನನ್ನು ನಿಲ್ಲಿಸಿದ್ದೇನೆ. ಹೇಗಾಯಿತು ಎಂಬ ವಿವರಣೆ ಆಮೇಲೆ. ತಪ್ಪನ್ನು ತಾವೇ ಬಂದು ಹೇಳುವ ಇಂಟರ್ನ್ ಕೈಗೆ ಮುಂದೆ ದೊಡ್ಡ ಕೆಲಸ ಕೊಡಲು ಸೂಪರ್‌ವೈಸರ್‌ಗೆ ಧೈರ್ಯ ಬರುತ್ತದೆ.

ವಾರಕ್ಕೊಮ್ಮೆ 20 ನಿಮಿಷ ಕೇಳಿ ಪಡೆಯಿರಿ. ಹಿಂದಿನ ದಿನವೇ ನಾಲ್ಕು ಸಾಲು ಕಳಿಸಿ: ಮುಗಿದದ್ದು, ನಿಂತದ್ದು, ಆ ವಾರದ ಎರಡು "ಯಾಕೆ", ಮುಂದಿನ ವಾರದ ಯೋಜನೆ. ಭೇಟಿ ಮುಗಿದ ದಿನವೇ ನಿಮಗೆ ಅರ್ಥವಾದದ್ದನ್ನು ಐದಾರು ಸಾಲಿನಲ್ಲಿ ಬರೆದು ಕಳಿಸಿ. ತಪ್ಪು ತಿಳಿದಿದ್ದರೆ ಅಲ್ಲೇ ಗೊತ್ತಾಗುತ್ತದೆ. 6ನೇ ವಾರದ ಭೇಟಿಯಲ್ಲಿ ಒಂದು ಪ್ರಶ್ನೆ ಹೆಚ್ಚಿಗೆ ಇರಲಿ: "ಉಳಿದ 6 ವಾರಗಳಲ್ಲಿ ನಾನು ಒಂದೇ ವಿಷಯ ಸುಧಾರಿಸಿಕೊಳ್ಳಬೇಕು ಎಂದರೆ ಅದು ಯಾವುದು?" "ನನ್ನ ಕೆಲಸ ಹೇಗಿದೆ ಸರ್?" ಎಂದು ಕೇಳಿದರೆ "ಚೆನ್ನಾಗಿದೆ" ಎಂಬ ಉತ್ತರ ಬರುತ್ತದೆ, ಅದರಿಂದ ಹೊಟ್ಟೆ ತುಂಬುವುದಿಲ್ಲ. ಹಾಗೆ ಹೊಗಳಿದರೆ ಯಾವ ಭಾಗ ಚೆನ್ನಾಗಿದೆ, ಯಾವುದನ್ನು ಹಾಗೇ ಉಳಿಸಿಕೊಳ್ಳಲಿ ಎಂದು ಕೇಳಿ.

ಟೀಕೆ ನಾಟುತ್ತದೆ ಎಂಬುದೂ ನಿಜ. ಕ್ಲೂಗರ್ ಮತ್ತು ಡಿನೀಸಿ ಎಂಬ ಸಂಶೋಧಕರು 1996ರಲ್ಲಿ ಹಿಂದಿನ ಅನೇಕ ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದಾಗ, ಮೂರನೇ ಒಂದಕ್ಕಿಂತ ಹೆಚ್ಚಿನ ಸಂದರ್ಭಗಳಲ್ಲಿ ಫೀಡ್‌ಬ್ಯಾಕ್ ಕೊಟ್ಟ ಮೇಲೆ ಕೆಲಸದ ಗುಣಮಟ್ಟ ಇಳಿದದ್ದು ಕಂಡಿತು. ಗಮನ ಕೆಲಸದಿಂದ ಸರಿದು "ನಾನು ಎಂಥವಳು" ಎಂಬ ಕಡೆ ಹೋದಷ್ಟೂ ಫಲ ಕಡಿಮೆ ಎಂಬುದು ಅವರ ವಿವರಣೆ. ಹಾಗಾಗಿ ಸೂಪರ್‌ವೈಸರ್ ಹೇಳುತ್ತಿರುವಾಗ ಸಮಜಾಯಿಷಿ ಕೊಡಬೇಡಿ, ಡ್ರಾಯಿಂಗಿನ ಬಗ್ಗೆ ಹೇಳಿದ್ದನ್ನು ಮಾತ್ರ ಬರೆದುಕೊಳ್ಳಿ. "ಕಣ್ಣು ಬಿಟ್ಟು ಮಾಡಬಾರದಾ" ಎಂದದ್ದನ್ನು ಬರೆಯಬೇಡಿ; "ಎರಡು ವ್ಯೂಗಳಲ್ಲಿ ಅಳತೆ ಹೊಂದುತ್ತಿಲ್ಲ" ಎಂದದ್ದನ್ನು ಬರೆಯಿರಿ. ಒಪ್ಪಲಾಗದ ತಿದ್ದುಪಡಿ ಇದ್ದರೆ ಮರುದಿನ ಲೆಕ್ಕದ ಸಮೇತ ಹೋಗಿ. ಅವರೂ ತಪ್ಪುವುದುಂಟು.

ಅವರು ಸಿಗದ ದಿನ ಶಾಪ್ ಫ್ಲೋರಿಗೆ ಇಳಿಯಿರಿ. ಲೇತ್ ಆಪರೇಟರ್‌ಗೆ ನಿಮ್ಮ ಡ್ರಾಯಿಂಗ್ ತೋರಿಸಿ "ಇದನ್ನು ಮೊದಲು ಎಲ್ಲಿ ಹಿಡಿಯುತ್ತೀರಿ?" ಎಂದು ಕೇಳಿ. ಭಾಗವನ್ನು ಕಚ್ಚಿ ಹಿಡಿಯುವ ಲೇತಿನ ಚಕ್‌ಗೆ ಹಿಡಿಯಲು ಜಾಗವೇ ಬಿಟ್ಟಿಲ್ಲ, ತುದಿಯಲ್ಲಿ ಸೆಂಟರ್ ರಂಧ್ರ ಬೇಕು, ಎರಡು ಬೇರಿಂಗ್ ಜಾಗಗಳನ್ನು ಬೇರೆ ಬೇರೆ ಸಲ ಹಿಡಿದು ಮಾಡಿದರೆ ಒಂದೇ ಅಕ್ಷದಲ್ಲಿ ಬರುವುದು ಕಷ್ಟ, ಇಂಥವೆಲ್ಲ ಐದು ನಿಮಿಷದಲ್ಲಿ ಹೊರಬೀಳುತ್ತವೆ. ಹೊಸಬರು ಎಲ್ಲ ಅಳತೆಗೂ ±0.01 ಮಿ.ಮೀ. ಟಾಲರೆನ್ಸ್ ಹಾಕಿಬಿಡುತ್ತಾರಲ್ಲ, ಅದರ ಬೆಲೆಯೂ ಅಲ್ಲೇ ತಿಳಿಯುತ್ತದೆ. ಏನೂ ಕೂರದ 40 ಮಿ.ಮೀ. ವ್ಯಾಸಕ್ಕೆ ಸಾಮಾನ್ಯ ಟಾಲರೆನ್ಸ್‌ಗಳ ಮಾನದಂಡವಾದ ಐಎಸ್ಒ 2768ರ ಮಧ್ಯಮ ದರ್ಜೆಯಂತೆ ±0.3 ಸಾಕು. ನೀವು ±0.01 ಕೇಳಿದರೆ ಲೇತ್ ಮೇಲೆ ಮುಗಿಯುವ ಕೆಲಸ ಗ್ರೈಂಡಿಂಗಿಗೆ ಹೋಗಬೇಕಾಗಬಹುದು. ತಿರುಗುವ ಯಂತ್ರದ ಹತ್ತಿರ ಕೈಗವಸು, ಸಡಿಲ ತೋಳು, ಬಿಟ್ಟ ಕೂದಲು ಇರಬಾರದು. ಮತ್ತೆ, ಆಪರೇಟರ್ ಹೇಳಿದರೆಂದು ಡ್ರಾಯಿಂಗ್ ಬದಲಿಸಿಬಿಡಬೇಡಿ. ಸೂಪರ್‌ವೈಸರ್‌ಗೆ ತಿಳಿಸಿ, ಯಾರು ಹೇಳಿದ್ದು ಎಂಬುದನ್ನೂ ಸೇರಿಸಿ.

ಎರಡು ವಾರ ಸತತವಾಗಿ ಭೇಟಿ ತಪ್ಪಿದರೆ, ದಿನನಿತ್ಯದ ಅನುಮಾನಗಳಿಗೆ ಇನ್ನೊಬ್ಬರನ್ನು ಗೊತ್ತುಮಾಡಿಕೊಡಿ ಎಂದು ಅವರನ್ನೇ ಕೇಳಿ. ಅದೂ ಆಗದಿದ್ದರೆ ಕಾಲೇಜಿನ ಗೈಡ್‌ಗೆ 6ನೇ ವಾರದೊಳಗೆ ತಿಳಿಸಿ. 11ನೇ ವಾರದಲ್ಲಿ ಹೇಳಿದರೆ ಯಾರಿಂದಲೂ ಏನೂ ಮಾಡಲಾಗದು. ಅವಮಾನ, ಬೆದರಿಕೆ, ಅನುಚಿತ ವರ್ತನೆಗೆ ಈ ಕಾಯುವಿಕೆ ಅನ್ವಯಿಸುವುದಿಲ್ಲ. ಅದನ್ನು ಮಾರ್ಗದರ್ಶನದ ಭಾಗ ಎಂದು ಸಹಿಸಬೇಡಿ, ದಿನಾಂಕದ ಸಮೇತ ಬರೆದಿಟ್ಟು ಅಂದೇ ತಿಳಿಸಿ.

ಕೊನೆಯ ಮೂರು ವಾರಗಳಿಗೆ ಮೂರು ಕೆಲಸ ಇಟ್ಟುಕೊಳ್ಳಿ. ಶಿಫಾರಸು ಪತ್ರ ಬೇಕಿದ್ದರೆ 10ನೇ ವಾರದಲ್ಲೇ ಕೇಳಿ, ನೀವು ಮಾಡಿದ ಡ್ರಾಯಿಂಗುಗಳ ಪಟ್ಟಿಯನ್ನೂ ಮರುಕಳಿಸುವುದು ನಿಂತ ಗುರುತುಗಳ ವಿವರವನ್ನೂ ಒಂದು ಪುಟದಲ್ಲಿ ಕೊಡಿ. ಬರೆಯುವವರಿಗೆ ಹಿಡಿತ ಸಿಗುತ್ತದೆ. ಕಾಲೇಜಿಗೆ ಕೊಡುವ ವರದಿಯನ್ನು ಒಂದು ವಾರ ಮೊದಲೇ ಅವರಿಗೆ ಓದಲು ಕೊಡಿ. ನಿಮ್ಮ ನೋಟ್‌ಬುಕ್ಕನ್ನು ಮನೆಗೆ ಒಯ್ಯುವ ಮುನ್ನ ಅವರಿಗೆ ತೋರಿಸಿ ಒಪ್ಪಿಗೆ ಪಡೆಯಿರಿ. 6205ಕ್ಕೆ ಫಿಲೆಟ್ 2 ಇರಬಾರದು ಎಂಬ ನಮೂದು ಯಾವ ಕ್ಯಾಟಲಾಗಿನಲ್ಲೂ ಸಿಗುವಂಥದ್ದು, ಅದನ್ನು ಒಯ್ಯಲು ಅಡ್ಡಿಯಿರದು. ಆ ಶಾಫ್ಟಿನ ಭಾಗ ಸಂಖ್ಯೆ, ಅದು ಯಾವ ಗ್ರಾಹಕರ ಯಾವ ಯಂತ್ರಕ್ಕೆ ಹೋಗುತ್ತದೆ ಎಂಬುದನ್ನು ಮೊದಲ ದಿನದಿಂದಲೇ ಆ ಪುಸ್ತಕದಲ್ಲಿ ಬರೆಯದಿರಿ.